ಎರಡನೇ ತಟ್ಟೆ

ಎಂಟೇ ಮೇಜುಗಳಿದ್ದ ಆ ಪುಟ್ಟ ಊಟದ ಮನೆಯಲ್ಲಿ ಹನ್ನೆರಡು ಗಂಟೆಗೆ ಮುಂಚೆ ಯಾರಿಗೂ ಊಟ ಸಿಗುತ್ತಿರಲಿಲ್ಲ. ಹನ್ನೊಂದಕ್ಕೇ ಎಲ್ಲವೂ ಬೆಂದು ಒಲೆಯಿಂದ ಇಳಿದಿರುತ್ತಿತ್ತು. ಹುರಿದ ಕುಂಬಳಕಾಯಿಯ ಸೂಪಿನ ಪರಿಮಳ ರಸ್ತೆ ದಾಟಿ, ಎದುರಿನ ಬಸ್ ನಿಲ್ದಾಣದಲ್ಲಿ ನಿಂತವರ ಹೊಟ್ಟೆ ತಾಳ ಹಾಕುವಂತೆ ಮಾಡುತ್ತಿತ್ತು. ಆದರೂ ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಅಡುಗೆಯಕ್ಕ ಪ್ರತಿ ಪಾತ್ರೆಯಿಂದಲೂ ಒಂದೊಂದು ಸೌಟು ತನ್ನ ತಟ್ಟೆಗೆ ಬಡಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ತಿಂದು, ಗಡಿಯಾರ ನೋಡುತ್ತ ಒಂದು ಗಂಟೆ ಸುಮ್ಮನೆ ಕೂತಿರುತ್ತಿದ್ದಳು.

"ರುಚಿ ನೋಡೋದು ಅಂದ್ರೆ ಚಮಚದ ತುದಿ ನೆಕ್ಕೋದು ಕಣೆ. ನೀನು ಮದುವೆಮನೆ ಊಟ ಮಾಡ್ತೀಯ" ಎಂದು ಅತ್ತಿಗೆ ರೇಗಿಸುತ್ತಿದ್ದಳು. ಅತ್ತಿಗೆ ಎಂದರೆ ಅಡುಗೆಯಕ್ಕನ ಅಣ್ಣನ ಹೆಂಡತಿ. ಮೇಜು ಒರೆಸುವುದರಿಂದ ಹಿಡಿದು ಗಿರಾಕಿಗಳ ಜೊತೆ ಹರಟೆ ಹೊಡೆಯುವವರೆಗೆ ಹೊರಗಿನ ಕೆಲಸವೆಲ್ಲ ಅವಳದು.

ಪಕ್ಕದ ಬೇಕರಿಗೂ ಈ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅದರಾಚೆ ಬೇಕರಿಯ ಒಲೆ ಇದ್ದುದರಿಂದ ಅಡುಗೆಯಕ್ಕ ಬೆನ್ನು ಕೊಡುವ ಜಾಗ ಯಾವಾಗಲೂ ಬೆಚ್ಚಗಿರುತ್ತಿತ್ತು. ಬೇಕರಿಯವನನ್ನು ಬೀದಿಗೆ ಬೀದಿಯೇ ಬನ್ ಮಾಮ ಎನ್ನುತ್ತಿತ್ತು. ಅವನು ಬಿಸಿ ಬ್ರೆಡ್ಡಿನ ಬುಟ್ಟಿ ಹೊತ್ತು ಬಂದು, "ಏನಕ್ಕಾ, ನನ್ನ ಬ್ರೆಡ್ಡಿಗೂ ಪರೀಕ್ಷೆನಾ? ನಲವತ್ತು ವರ್ಷದಿಂದ ಸುಡ್ತಾ ಇದೀನಿ, ಇನ್ನೂ ಪಾಸಾಗಿಲ್ವಾ?" ಎನ್ನುತ್ತಿದ್ದ. ಅವಳು ನಗದೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ತನಗೆ ಒಪ್ಪದ್ದನ್ನು ಆಕೆ ಬೇರೆಯವರಿಗೆ ಬಡಿಸುವುದಿಲ್ಲ, ಅಷ್ಟು ನಿಷ್ಠೆ ಎಂದು ಗಿರಾಕಿಗಳು ಹೊಗಳುತ್ತಿದ್ದರು. ನಿಜ ಗೊತ್ತಿದ್ದದ್ದು ಅತ್ತಿಗೆಗೆ ಮಾತ್ರ.

ಆರು ವರ್ಷದ ಹಿಂದೆ, ಊರಿನ ಇನ್ನೊಂದು ತುದಿಯಲ್ಲಿ, ಅಡುಗೆಯಕ್ಕನಿಗೆ ಬೇರೆ ಊಟದ ಮನೆ ಇತ್ತು. ಅಲ್ಲಿಗೆ ಒಬ್ಬ ಮುದುಕ ಕಾಡಿನಿಂದ ಅಣಬೆ ಆಯ್ದು ತಂದುಕೊಡುತ್ತಿದ್ದ. ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. ಅವನ ಕಣ್ಣು ಮಂಜಾಗುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವನಿಗೂ. ಒಂದು ಮಧ್ಯಾಹ್ನ ಎರಡೂವರೆಗೆ, ಎಲ್ಲರೂ ಉಂಡು ಹೋದಮೇಲೆ, ರಸ್ತೆಯ ಅಳತೆ ಮಾಡಲು ಬಂದಿದ್ದ ಒಬ್ಬ ಹುಡುಗ ಒಳಗೆ ಬಂದ. ಇಪ್ಪತ್ತಾರು ವರ್ಷ, ಹೆಗಲಲ್ಲಿ ಅಳತೆಯ ಪಟ್ಟಿ, ಮೊಣಕಾಲವರೆಗೆ ಧೂಳು. "ಅಕ್ಕಾ, ಏನಾದ್ರೂ ಉಳಿದಿದ್ಯಾ?" ಎಂದ. ಮುದುಕ ಆಗಷ್ಟೇ ಇಟ್ಟು ಹೋಗಿದ್ದ ಬುಟ್ಟಿಯಿಂದ ಎರಡು ಹಿಡಿ ಅಣಬೆ ತೆಗೆದು, ಬೆಣ್ಣೆ, ಬೆಳ್ಳುಳ್ಳಿ, ಕುಟ್ಟಿದ ಮೆಣಸು ಹಾಕಿ ಹುರಿದು, ಸುಟ್ಟ ಬ್ರೆಡ್ಡಿನ ಮೇಲೆ ಹರಡಿ ಕೊಟ್ಟಳು. ಆ ಹುಡುಗ ಕಣ್ಣು ಮುಚ್ಚಿಕೊಂಡು ತಿಂದ. ತಿಂದು ಮುಗಿದ ತಟ್ಟೆಯನ್ನು ಬ್ರೆಡ್ಡಿನ ಅಂಚಿನಿಂದ ಒರೆಸಿದ. ಆ ಖುಷಿ ನೋಡಿ ಅಡುಗೆಯಕ್ಕನಿಗೆ ತಡೆಯಲಾಗಲಿಲ್ಲ. ಬಾಣಲೆಯಲ್ಲಿ ಉಳಿದಿದ್ದಷ್ಟನ್ನೂ ಇನ್ನೊಂದು ತಟ್ಟೆಗೆ ಹಾಕಿ, "ಇದು ನನ್ನ ಕಡೆಯಿಂದ" ಎಂದು ಮುಂದಿಟ್ಟಳು. ಅವನು ಹೋದಮೇಲೆ ಬಾಣಲೆಯ ತಳದಲ್ಲಿ ಅಂಟಿದ್ದ ಬೆಣ್ಣೆಯನ್ನು ಒಂದು ಚೂರು ಬ್ರೆಡ್ಡಿನಿಂದ ಬಳಿದು ತಾನೂ ತಿಂದಳು.

ಬುಟ್ಟಿಯಲ್ಲಿ ವಿಷದ ಅಣಬೆಯೂ ಸೇರಿತ್ತು. ಆ ವಿಷ ತಕ್ಷಣ ತೋರಿಸಿಕೊಳ್ಳುವುದಿಲ್ಲ. ಆರು, ಎಂಟು, ಹತ್ತು ಗಂಟೆ ಹೊಟ್ಟೆಯಲ್ಲಿ ಸುಮ್ಮನೆ ಕೂತಿರುತ್ತದೆ. ಇಬ್ಬರೂ ಒಂದೇ ಆಸ್ಪತ್ರೆ ಸೇರಿದರು. ಐದನೇ ದಿನ ಹುಡುಗ ಸತ್ತ. ಅಡುಗೆಯಕ್ಕ ಬದುಕಿದಳು.

ವಿಚಾರಣೆ ನಡೆದು, ಇದು ಯಾರೂ ಬೇಕೆಂದು ಮಾಡಿದ್ದಲ್ಲ, ಆಕಸ್ಮಿಕ ಎಂದಾಯಿತು. ಅಣಬೆಯ ಮುದುಕ ಮರುವರ್ಷವೇ ತೀರಿಕೊಂಡ. ವಿಚಾರಣೆಯಲ್ಲಿ ಅಡುಗೆಯಕ್ಕ ಎಲ್ಲವನ್ನೂ ಹೇಳಿದಳು, ಒಂದನ್ನು ಬಿಟ್ಟು. ಎಷ್ಟು ತಿಂದ ಎಂದು ಯಾರೂ ಕೇಳಲಿಲ್ಲ. ಎರಡನೇ ತಟ್ಟೆಯ ಮಾತು ಅವಳ ಗಂಟಲಲ್ಲೇ ಉಳಿಯಿತು. ಒಂದೇ ತಟ್ಟೆ ತಿಂದಿದ್ದರೆ ಹುಡುಗ ಬದುಕುತ್ತಿದ್ದನೇ? ಯಾವ ಡಾಕ್ಟರನ್ನೂ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ದಿನಾ ಹನ್ನೊಂದಕ್ಕೆ ತಿಂದು ಒಂದು ಗಂಟೆ ಕಾಯುವುದರಿಂದ ಏನೂ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆರು ಗಂಟೆ ಸುಮ್ಮನಿರುವ ವಿಷವನ್ನು ಒಂದು ಗಂಟೆಯಲ್ಲಿ ಹಿಡಿಯಲಾಗುತ್ತದೆಯೇ? ಗೊತ್ತಿದ್ದೂ ಕಾಯುತ್ತಿದ್ದಳು. ಕೆಲವು ದಿನ, ಎರಡೂವರೆಯ ಹೊತ್ತಿಗೆ, ಖಾಲಿಯಾದ ಕೋಣೆಯಲ್ಲಿ ಯಾರೋ ಬ್ರೆಡ್ಡಿನಿಂದ ತಟ್ಟೆ ಒರೆಸುವ ಸದ್ದು ಕೇಳಿಸುತ್ತಿತ್ತು. ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಂಡಿಯಿಂದ ಬಗ್ಗಿ ನೋಡಿದರೆ ಅತ್ತಿಗೆ ಮೇಜು ಒರೆಸುತ್ತಿರುತ್ತಿದ್ದಳು. ಇನ್ನು ಕೆಲವು ದಿನ ಅತ್ತಿಗೆಯೂ ಇರುತ್ತಿರಲಿಲ್ಲ.

ಒಂದು ಬುಧವಾರ ಅಡುಗೆಯಕ್ಕ ತಟ್ಟೆ ದಾಟಿಸಲು ಕಿಂಡಿಗೆ ಕೈ ಹಾಕಿದವಳು ಹಾಗೆಯೇ ನಿಂತುಬಿಟ್ಟಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದಳು. ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಕಾಗದದ ಕರವಸ್ತ್ರವನ್ನು ಮಡಿಸುತ್ತಿದ್ದಳು. ಮಡಿಸಿ, ಉಗುರಿನಿಂದ ಗೆರೆ ಎಳೆದು, ಮತ್ತೆ ಮಡಿಸುತ್ತಿದ್ದಳು. ವಿಚಾರಣೆಯ ದಿನ ಕಚೇರಿಯ ಮೊಗಸಾಲೆಯಲ್ಲಿ, ಎದುರು ಬೆಂಚಿನಲ್ಲಿ ಕೂತು ಬಸ್ಸಿನ ಟಿಕೆಟ್ಟನ್ನು ಹೀಗೇ ಮಡಿಸುತ್ತಿದ್ದ ಕೈ ಅದು. ಹುಡುಗನ ತಾಯಿ. ಬಟ್ಟೆ ಹೊಲಿಯುವವಳು.

ಆ ತಟ್ಟೆಯನ್ನು ಅತ್ತಿಗೆಯೇ ಒಳಗೆ ಬಂದು ಎತ್ತಿಕೊಂಡು ಹೋದಳು.

ದರ್ಜಿಯಮ್ಮ ಅಂದಿನ ಊಟವನ್ನು ಪೂರ್ತಿ ತಿಂದಳು. ಹುರುಳಿಕಾಯಿ, ಬೇಯಿಸಿದ ಆಲೂಗಡ್ಡೆ, ನಿಂಬೆ ಹಿಂಡಿದ ಟೊಮೇಟೊ, ಬನ್ ಮಾಮನ ಬ್ರೆಡ್ಡು. ಏನೂ ಮಾತಾಡದೆ ದುಡ್ಡು ಕೊಟ್ಟು ಹೋದಳು. ಮುಂದಿನ ಬುಧವಾರವೂ ಬಂದಳು. ಅದರ ಮುಂದಿನ ಬುಧವಾರವೂ.

"ಗೊತ್ತಿಲ್ದೆ ಬಂದಿರ್ಬೇಕು" ಎಂದಳು ಅಡುಗೆಯಕ್ಕ.

"ಊರಾಚೆಯಿಂದ ಎರಡು ಬಸ್ಸು ಹತ್ತಿ, ಗೊತ್ತಿಲ್ದೆ ಬರ್ತಾರಾ?" ಎಂದಳು ಅತ್ತಿಗೆ. "ಸೇಡು ಇಟ್ಕೊಂಡೇ ಬರ್ತಿರೋದು. ಒಂದಿನ ಎಲ್ಲರ ಮುಂದೆ ಎದ್ದು ನಿಂತು ಕೂಗಾಡಿದ್ರೆ ಏನ್ಮಾಡ್ತೀಯ? ನಾನೇ ಹೇಳಿಬಿಡ್ತೀನಿ, ಅಮ್ಮಾ, ನಿಮಗಿಲ್ಲಿ ಊಟ ಇಲ್ಲ ಅಂತ."

"ಬೇಡ ಅತ್ತಿಗೆ. ಆಯಮ್ಮನಿಗೆ ಊಟ ಇಲ್ಲ ಅನ್ನೋಕೆ ನಾವ್ಯಾರು?"

ಅತ್ತಿಗೆ ಒರೆಸುವ ಬಟ್ಟೆ ಎತ್ತಿಕೊಂಡು ಹೊರಗೆ ಹೋದಳು.

ಬುಧವಾರಗಳು ಕಳೆದಂತೆ ಅಡುಗೆಯಕ್ಕನ ನಾಲಿಗೆ ಸತ್ತು ಹೋಯಿತು. ಹನ್ನೊಂದಕ್ಕೆ ಗೋಡೆಗೊರಗಿ ತಿನ್ನುತ್ತಿದ್ದುದೆಲ್ಲ ಒದ್ದೆ ಹತ್ತಿಯಂತೆ ಇರುತ್ತಿತ್ತು. ಉಪ್ಪು ಸಾಕೇ ಹೆಚ್ಚೇ ತಿಳಿಯದೆ ಕೈ ಅಳತೆಯಲ್ಲೇ ಹಾಕುತ್ತಿದ್ದಳು. ಒಂದು ಸೋಮವಾರ ಸೂಪಿಗೆ ಎರಡು ಸಲ ಉಪ್ಪು ಬಿತ್ತು. "ಅಕ್ಕಾ, ಸಮುದ್ರದ ನೀರಲ್ಲಿ ಬೇಯ್ಸಿದ್ರಾ ಹೇಗೆ?" ಎಂದು ಬನ್ ಮಾಮ ನಗಲು ಹೋಗಿ, ಅವಳ ಮುಖ ನೋಡಿ ಬುಟ್ಟಿ ಎತ್ತಿಕೊಂಡು ಹೊರಟ. ಆ ವಾರದ ಬುಧವಾರ ಅಂಜಿಕೆಯಿಂದ ಉಪ್ಪನ್ನೇ ಹಾಕಲಿಲ್ಲವೋ ಏನೋ, ದರ್ಜಿಯಮ್ಮ ಅತ್ತಿಗೆಯನ್ನು ಕರೆದು ಮೊದಲ ಬಾರಿ ಬಾಯಿಬಿಟ್ಟಳು.

"ಇವತ್ತು ಉಪ್ಪು ಮರೆತಿದಾರೆ ಅಂತ ಹೇಳಿ. ಹೋದ ವಾರ ಸರಿಯಾಗಿತ್ತು."

ಅಷ್ಟೇ. ಉಪ್ಪು ಉದುರಿಸಿಕೊಂಡು ಪೂರ್ತಿ ತಿಂದಳು. ಹೊರಡುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದಳು. ಅತ್ತಿಗೆ ಅದನ್ನು ಒಳಗೆ ಬಂದು ಹೇಳುವಾಗ ಅವಳ ತುಟಿ ಬೆಳ್ಳಗಾಗಿತ್ತು.

"ಮುಂದಿನ ಬುಧವಾರ ಎರಡೂವರೆಗೆ ಬರ್ತಾಳಂತೆ. ಎಲ್ಲರೂ ಹೋದ್ಮೇಲೆ. ಅಣಬೆ ಮಾಡಿಡ್ಬೇಕಂತೆ. ಬೆಣ್ಣೆ, ಬೆಳ್ಳುಳ್ಳಿ, ಮೆಣಸು ಹಾಕಿ, ಸುಟ್ಟ ಬ್ರೆಡ್ ಮೇಲೆ."

ಆರು ವರ್ಷದಿಂದ ಅವಳ ಅಡುಗೆಮನೆಗೆ ಅಣಬೆ ಕಾಲಿಟ್ಟಿರಲಿಲ್ಲ. ಮಾರುಕಟ್ಟೆಯಲ್ಲಿ ಅಣಬೆಯ ಅಂಗಡಿ ಇದ್ದ ಸಾಲಿಗೇ ಅಡುಗೆಯಕ್ಕ ಹೋಗುತ್ತಿರಲಿಲ್ಲ. ವಾರವಿಡೀ ಅತ್ತಿಗೆ ಬೇಡ ಬೇಡ ಎಂದು ಗೋಗರೆದಳು. "ನಾಳೆ ಆಯಮ್ಮನಿಗೆ ನೆಗಡಿಯಾದ್ರೂ ನಿನ್ನ ತಲೆ ಮೇಲೇ ಬರುತ್ತೆ ಕಣೆ. ನಿನ್ನ ಕಾಲಿಗೆ ಬೀಳ್ತೀನಿ." ಅಡುಗೆಯಕ್ಕ ಬುಧವಾರ ಬೆಳಗ್ಗೆ ಚೀಲ ಹಿಡಿದು ಮಾರುಕಟ್ಟೆಗೆ ಹೋದಳು. ಶೆಡ್ಡಿನಲ್ಲಿ ಬೆಳೆಸಿ ಡಬ್ಬಿಯಲ್ಲಿ ಜೋಡಿಸಿಟ್ಟ, ಒಂದೇ ಅಳತೆಯ ಬಿಳಿ ಅಣಬೆ. ಮಕ್ಕಳೂ ತಿನ್ನುವಂಥದ್ದು. ಆದರೂ ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ, ಬುಡ ನೋಡಿ, ಮೂಸಿ, ಅಂಗಡಿಯವಳು "ಮದುವೆಗೆ ಗಂಡು ನೋಡ್ತಿದೀರೇನಮ್ಮಾ?" ಎನ್ನುವವರೆಗೆ ನಿಂತಳು.

ಎರಡೂವರೆಗೆ ದರ್ಜಿಯಮ್ಮ ಬಂದು ಅದೇ ಕಿಟಕಿಯ ಪಕ್ಕ ಕೂತಳು. ಅತ್ತಿಗೆ ಬಾಗಿಲು ಮುಂದೆ ಮಾಡಿ, ಬೇಕರಿಯ ಕಡೆ ಹೋಗಿ ನಿಂತಳು. ಬಾಣಲೆಯಲ್ಲಿ ಬೆಣ್ಣೆ ನೊರೆಯೆದ್ದಿತು. ಅಣಬೆ ಬಿದ್ದೊಡನೆ ಎದ್ದ ವಾಸನೆ ಅಡುಗೆಯಕ್ಕನ ಎದೆಗೆ ಗುದ್ದಿದಂತಾಯಿತು. ಎಷ್ಟೋ ದಿನದ ಮೇಲೆ ಅವಳ ಮೂಗು ಬಾಯಿ ಎರಡೂ ಎಚ್ಚರಗೊಂಡಿದ್ದವು, ಎಚ್ಚರಗೊಳ್ಳಬಾರದಿದ್ದ ಹೊತ್ತಿನಲ್ಲಿ. ಕೈ ತನ್ನಷ್ಟಕ್ಕೆ ತಾನೇ ಮೆಣಸು ಕುಟ್ಟಿತು, ಬ್ರೆಡ್ಡು ಸುಟ್ಟಿತು.

ತಟ್ಟೆಯನ್ನು ಕಿಂಡಿಯಲ್ಲಿಡದೆ ತಾನೇ ಹಿಡಿದುಕೊಂಡು ಹೋದಳು. ಜೊತೆಗೆ ಒಂದು ಚಮಚ. ಮೇಜಿನ ಮೇಲಿಟ್ಟು, ಮೊದಲು ತಾನು ತಿನ್ನಲು ಚಮಚ ಎತ್ತಿದಳು.

"ಬೇಡ" ಎಂದಳು ದರ್ಜಿಯಮ್ಮ. "ಅವನಿಗೆ ಕೊಡೋವಾಗ ಮೊದಲು ನೀವು ತಿಂದಿದ್ರಾ?"

"ಇಲ್ಲ ಅಮ್ಮಾ."

"ಹಾಗಾದ್ರೆ ನನಗೂ ಹಾಗೇ ಕೊಡಿ."

ಅಡುಗೆಯಕ್ಕ ಚಮಚ ಕೆಳಗಿಟ್ಟಳು. ದರ್ಜಿಯಮ್ಮ ಕನ್ನಡಕ ಏರಿಸಿಕೊಂಡು ತಟ್ಟೆಯನ್ನು ನೋಡಿದಳು, ಹೊಲಿಗೆಯ ತಪ್ಪು ಹುಡುಕುವವರ ಹಾಗೆ. ಒಂದು ತುತ್ತು ತಿಂದಳು. ಅಗಿದಳು. ಇನ್ನೊಂದು ತುತ್ತು. ಬೆಣ್ಣೆ ಅವಳ ಬೆರಳಿಗಿಳಿಯಿತು. ನಿಧಾನವಾಗಿ ಇಡೀ ತಟ್ಟೆ ಖಾಲಿಯಾಯಿತು. ಅಡುಗೆಯಕ್ಕ ನಿಂತೇ ಇದ್ದಳು.

"ಚೆನ್ನಾಗಿದೆ" ಎಂದಳು ದರ್ಜಿಯಮ್ಮ. ಅಷ್ಟು ಹೇಳಿದ್ದೇ ಅವಳಿಗೆ ಅಳು ಒತ್ತರಿಸಿ ಬಂತು. "ಚೆನ್ನಾಗಿರ್ಬಾರದು ಅಂತ ಇಷ್ಟು ವಾರ ಬೇಡ್ಕೊಂಡು ಬಂದಿದೀನಿ. ಇವಳ ಕೈಯಡುಗೆ ಕೆಟ್ಟದಾಗಿರ್ಲಿ, ಬಾಯಿಗೆ ಇಡೋಕಾಗದಂಗಿರ್ಲಿ, ಉಗಿದು ಎದ್ದು ಹೋಗ್ತೀನಿ ಅಂತ. ಒಂದು ವಾರನಾದ್ರೂ ಉಗಿಯೋಕೆ ಬಿಟ್ರಾ ನೀವು? ಉಪ್ಪಿಲ್ದಿದ್ರೂ ಚೆನ್ನಾಗಿತ್ತು."

ದರ್ಜಿಯಮ್ಮ ಮೂಗು ಒರೆಸಿಕೊಂಡಳು. ಖಾಲಿ ತಟ್ಟೆಯನ್ನು ಮುಂದೆ ನೂಕಿದಳು.

"ಇನ್ನೊಂದು ತಟ್ಟೆ ತನ್ನಿ."

ಅಡುಗೆಯಕ್ಕ ಎದುರಿನ ಕುರ್ಚಿ ಹಿಡಿದುಕೊಂಡು ಕೂತಳು.

"ಅಮ್ಮಾ, ಅವತ್ತು ಎರಡು ತಟ್ಟೆ ಕೊಟ್ಟೆ. ಎರಡನೇದು ಅವನು ಕೇಳಿರ್ಲಿಲ್ಲ. ನಾನೇ ಕೊಟ್ಟೆ. ಅವನು ತಿನ್ನೋದು ನೋಡಿ ಖುಷಿಯಾಗಿ ಕೊಟ್ಟೆ. ವಿಚಾರಣೇಲಿ ನಾನು ಇದನ್ನ ಹೇಳ್ಲಿಲ್ಲ."

"ಗೊತ್ತು."

"ಗೊತ್ತಾ?"

"ಅವತ್ತೇ ಫೋನ್ ಮಾಡಿದ್ದ, ಮೂರು ಗಂಟೆಗೆ. ಅಮ್ಮಾ, ಎಂಥಾ ಊಟ ಗೊತ್ತಾ, ಅಂಗಡಿಯಾಕೆ ಎರಡನೇ ತಟ್ಟೆ ಪುಕ್ಕಟೆ ಕೊಟ್ಳು, ನಿನ್ನನ್ನೂ ಕರ್ಕೊಂಡು ಬರ್ತೀನಿ ಅಂದ. ನಾನು ಯಾರದೋ ಕೋಟಿಗೆ ಗುಂಡಿ ಹೊಲೀತಿದ್ದೆ. ಆಯ್ತಪ್ಪಾ ಆಯ್ತು, ಕೆಲಸ ಇದೆ, ಆಮೇಲೆ ಮಾಡು ಅಂತ ಇಟ್ಟೆ."

ಗೋಡೆಯಾಚೆ ಬನ್ ಮಾಮ ತಟ್ಟೆಗಳನ್ನು ಒಲೆಗೆ ತಳ್ಳುವ ಸದ್ದು ಕೇಳುತ್ತಿತ್ತು.

"ವಿಚಾರಣೇಲಿ ನೀವೂ ಹೇಳ್ಲಿಲ್ಲ" ಎಂದಳು ಅಡುಗೆಯಕ್ಕ.

"ಯಾಕೆ ಹೇಳ್ಬೇಕಿತ್ತು? ಅದು ಅವನು ನನಗೆ ಹೇಳಿದ್ದು. ಕಚೇರಿಯವರು ಬರ್ಕೊಳ್ಳೋಕಲ್ಲ." ದರ್ಜಿಯಮ್ಮ ಕಾಗದದ ಕರವಸ್ತ್ರ ಎಳೆದುಕೊಂಡು ಮಡಿಸತೊಡಗಿದಳು. "ಅವನು ಅಷ್ಟು ಖುಷಿಯಾಗಿ ತಿಂದದ್ದು ಏನು ಅಂತ ನೋಡ್ಬೇಕಿತ್ತು. ಅಷ್ಟೇ. ಅದಕ್ಕೆ ಆರು ವರ್ಷ ಬೇಕಾಯ್ತು ನನಗೆ."

ಆಗ ಅಡುಗೆಯಕ್ಕ, ಹೇಳಲೋ ಬೇಡವೋ ಎಂದು ತುಸು ತಡೆದು, ಇನ್ನೊಂದು ಮಾತು ಹೇಳಿದಳು. ಆಸ್ಪತ್ರೆಯ ಮೂರನೇ ದಿನದ ಮಾತು. ಆ ದಿನ ಇಬ್ಬರಿಗೂ ಎಲ್ಲ ವಾಸಿಯಾದ ಹಾಗಿತ್ತು. ಆ ವಿಷದ ಮೋಸವೇ ಅದು, ನಡುವೆ ಒಂದು ದಿನ ಬಿಟ್ಟುಕೊಡುತ್ತದೆ. ಬೆಳಗ್ಗೆ ಹುಡುಗ ಎದ್ದು ಗೋಡೆ ಹಿಡಿದುಕೊಂಡು ಹೆಂಗಸರ ವಾರ್ಡಿನ ಬಾಗಿಲಿಗೆ ಬಂದಿದ್ದ.

ದರ್ಜಿಯಮ್ಮ ಮಡಿಸುವುದನ್ನು ನಿಲ್ಲಿಸಿದಳು. "ಮೂರನೇ ದಿನ ನಾನಿರ್ಲಿಲ್ಲ. ಹುಷಾರಾದ ಅಂತ ಬಟ್ಟೆ ತರೋಕೆ ಮನೆಗೆ ಹೋಗಿದ್ದೆ."

"ನೀವು ಹೋದ್ಮೇಲೇ ಇರ್ಬೇಕು. ಬಾಗಿಲಲ್ಲಿ ನಿಂತು, ಅಕ್ಕಾ ಹೇಗಿದೀರಿ ಅಂದ. ನಾನು ಅಳೋಕೆ ಶುರು ಮಾಡಿದೆ. ಅಳಬೇಡಿ ಅಕ್ಕಾ, ಅಡುಗೆ ಮಾತ್ರ ಚೆನ್ನಾಗಿತ್ತು ಅಂದ. ನರ್ಸು ಬೈದು ಕಳಿಸಿದ್ರು. ಹೋಗ್ತಾ, ಮತ್ತೆ ಬರ್ತೀನಿ ಅಂದ."

"ಮಾತ್ರ ಅಂದ್ನಾ?"

"ಹೂಂ. ಅಡುಗೆ ಮಾತ್ರ ಚೆನ್ನಾಗಿತ್ತು ಅಂದ."

"ಚೇಷ್ಟೆ" ಎಂದಳು ದರ್ಜಿಯಮ್ಮ. ಅವಳ ಬಾಯಿ ನಗಲು ಹೋಗಿ ಅರ್ಧಕ್ಕೇ ನಿಂತಿತು. "ಇನ್ನೊಂದು ಸಲ ಹೇಳಿ. ಬಾಗಿಲಲ್ಲಿ ಹೇಗೆ ನಿಂತಿದ್ದ?"

ಅಡುಗೆಯಕ್ಕ ಮತ್ತೆ ಹೇಳಿದಳು. ಎಡಗೈ ಬಾಗಿಲ ಚೌಕಟ್ಟಿನ ಮೇಲಿತ್ತು, ಬರಿಗಾಲಲ್ಲಿದ್ದ, ಆಸ್ಪತ್ರೆಯ ಅಂಗಿಯ ಒಂದು ಗುಂಡಿ ಹಾಕಿರಲಿಲ್ಲ. ಮೂರನೇ ಸಲವೂ ಹೇಳಿಸಿಕೊಂಡಳು ಆಯಮ್ಮ. ಆಮೇಲೆ, "ಎರಡನೇ ತಟ್ಟೆ ತಂದಿಲ್ಲ ನೀವು" ಎಂದಳು.

ಎರಡನೇ ತಟ್ಟೆ ಬಂತು. ದರ್ಜಿಯಮ್ಮನಿಗೆ ಅರ್ಧಕ್ಕಿಂತ ಹೆಚ್ಚು ಇಳಿಯಲಿಲ್ಲ. "ಉಳಿದಿದ್ದು ನೀವು ತಿನ್ನಿ" ಎಂದು ತಳ್ಳಿದಳು. ಅಡುಗೆಯಕ್ಕ ಅವಳ ಎದುರೇ ಕೂತು ತಿಂದಳು. ಬಿಸಿ ಆರಿತ್ತು, ಬ್ರೆಡ್ಡು ಮೆತ್ತಗಾಗಿತ್ತು, ಆದರೆ ಬೆಣ್ಣೆಯ, ಮೆಣಸಿನ, ಅಣಬೆಯೊಳಗಿನ ಮಣ್ಣಿನ ರುಚಿ ಒಂದೊಂದೂ ನಾಲಿಗೆಗೆ ಸಿಕ್ಕಿತು. ಅದು ಅವಳಿಗೆ ಹಿತವೆನಿಸಲಿಲ್ಲ. ಭಯವಾಯಿತು.

ಎದ್ದು ಹೊರಡುವಾಗ ದರ್ಜಿಯಮ್ಮ ಬಾಗಿಲ ಪಕ್ಕದ ಹಲಗೆಯಲ್ಲಿದ್ದ ಫೋನ್ ನಂಬರನ್ನು ಕನ್ನಡಕ ಸರಿಮಾಡಿಕೊಂಡು ಬರೆದುಕೊಂಡಳು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಫೋನು ಬಂತು. ಅಡುಗೆಯಕ್ಕನೇ ಎತ್ತಿದಳು.

"ನಾನು" ಎಂದಿತು ಆ ಕಡೆಯ ದನಿ. "ಚೆನ್ನಾಗಿದೀನಿ." ಫೋನು ಕಟ್ಟಾಯಿತು.

ಎರಡನೇ ದಿನವೂ ಒಂಬತ್ತಕ್ಕೇ ಬಂತು. "ಚೆನ್ನಾಗಿದೀನಿ." ಮೂರನೇ ದಿನ, "ಇವತ್ತೂ ಚೆನ್ನಾಗಿದೀನಿ. ನೀವು?" "ನಾನೂ." ನಾಲ್ಕನೇ ದಿನ ಫೋನು ಹತ್ತು ನಿಮಿಷ ತಡವಾಯಿತು. ಆ ಹತ್ತು ನಿಮಿಷ ಅಡುಗೆಯಕ್ಕ ಈರುಳ್ಳಿ ಹೆಚ್ಚುವ ಚಾಕು ಹಿಡಿದು ಮುಳ್ಳಿನ ಮೇಲೆ ನಿಂತ ಹಾಗೆ ನಿಂತಿದ್ದಳು. "ಏನು, ಆಟ ಆಡಿಸ್ತಿದಾಳಾ ನಿನ್ನ?" ಎಂದು ಅತ್ತಿಗೆ ಸಿಡುಕಿದಳು. ಇರಬಹುದು. ಹಿಂಸೆಯೋ ಕನಿಕರವೋ, ಬಿಡಿಸಿ ಹೇಳಲು ಅಡುಗೆಯಕ್ಕನಿಗೂ ಆಗುತ್ತಿರಲಿಲ್ಲ. ಫೋನು ಬರಲಿ ಎಂದಷ್ಟೇ ಅವಳ ಜೀವ ಕಾಯುತ್ತಿತ್ತು.

ಐದನೇ ದಿನ ದನಿ ಒಡೆದಿತ್ತು. "ಇವತ್ತು ಐದನೇ ದಿನ" ಎಂದಳು ದರ್ಜಿಯಮ್ಮ. "ಚೆನ್ನಾಗಿದೀನಿ. ಬದುಕಿದೀನಿ. ಇನ್ನು ಫೋನ್ ಮಾಡಲ್ಲ."

ಮಾಡಲಿಲ್ಲ. ಬುಧವಾರ ಬರಲೂ ಇಲ್ಲ. ಅದರ ಮುಂದಿನ ಬುಧವಾರವೂ ಕಿಟಕಿಯ ಮೇಜಿನಲ್ಲಿ ಬೇರೆ ಯಾರೋ ಕೂತಿದ್ದರು. ಅಡುಗೆಯಕ್ಕನ ನಾಲಿಗೆ ಸರಿಯಾಗಿತ್ತು. ಅಡುಗೆ ಮೊದಲಿಗಿಂತಲೂ ರುಚಿಯಾಗಿದೆ ಎಂದು ಗಿರಾಕಿಗಳು ಹೇಳಿದಾಗ ಅವಳು ತಲೆ ತಗ್ಗಿಸುತ್ತಿದ್ದಳು. ಹನ್ನೊಂದಕ್ಕೆ ಬೆಚ್ಚಗಿನ ಗೋಡೆಗೆ ಒರಗಿ ತಿನ್ನುವುದು, ಗಂಟೆ ಕಾಯುವುದು ನಿಲ್ಲಲಿಲ್ಲ. ಎರಡೂವರೆಯ ತಟ್ಟೆ ಒರೆಸುವ ಸದ್ದೂ ನಿಲ್ಲಲಿಲ್ಲ. ಆದರೆ ಈಗ ಅವಳು ಕಿಂಡಿಯಿಂದ ಬಗ್ಗಿ ನೋಡುತ್ತಿರಲಿಲ್ಲ. ತಿನ್ನಲಿ ಎಂದುಕೊಂಡು ತನ್ನ ಪಾತ್ರೆ ತಾನು ಉಜ್ಜುತ್ತಿದ್ದಳು.

ತಿಂಗಳು ಕಳೆದಮೇಲೆ ಒಂದು ಮಧ್ಯಾಹ್ನ ಅಡುಗೆಯಕ್ಕ ಫೋನಿನಲ್ಲಿ ಉಳಿದಿದ್ದ ನಂಬರು ಹುಡುಕಿ ತಾನೇ ಒತ್ತಿದಳು. ಅತ್ತಿಗೆ ದೂರದಿಂದ ಕಣ್ಣು ಬಿಟ್ಟಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಯಾರು?"

"ನಾನಮ್ಮಾ. ಅಂಗಡಿಯಿಂದ."

"ಏನಾಯ್ತು?"

"ಏನಿಲ್ಲ." ಮುಂದೆ ಏನು ಹೇಳುವುದೆಂದು ಯೋಚಿಸಿಯೇ ಇರಲಿಲ್ಲ ಅವಳು. ಬಾಯಿಗೆ ಬಂದದ್ದನ್ನು ಕೇಳಿದಳು. "ಊಟ ಆಯ್ತಾ?"

ಆ ಕಡೆ ಕತ್ತರಿಯನ್ನು ಹಲಗೆಯ ಮೇಲಿಟ್ಟ ಸದ್ದು ಕೇಳಿಸಿತು.

"ಇಲ್ಲ. ಒಬ್ಬಳಿಗೋಸ್ಕರ ಏನು ಮಾಡೋದು ಅಂತ ಹಾಗೇ ಕೂತಿದೀನಿ" ಎಂದಳು ದರ್ಜಿಯಮ್ಮ. ಆಮೇಲೆ, "ಇವತ್ತು ಏನು ಮಾಡಿದೀರಿ?" ಎಂದಳು.

ಅಡುಗೆಯಕ್ಕ ಗೋಡೆಗೆ ಒರಗಿ ನಿಂತು ಒಂದೊಂದಾಗಿ ಹೇಳತೊಡಗಿದಳು.